ಬೇಸ್ ಗಿಟಾರ್‌ಗೆ ಹೊಸ ತಂತಿ ಹಾಕುವ ಮುನ್ನ

ಗಣೇಶನ ಹಬ್ಬದ ಮೂರನೆಯ ದಿನ ವಿಜಯನಗರದ ಅಡ್ಡರಸ್ತೆಯೊಂದರಲ್ಲಿ ನಮ್ಮ ಆರ್ಕೆಸ್ಟ್ರಾ ಇತ್ತು. ಏಳಕ್ಕೆ ಕಾರ್ಯಕ್ರಮ, ಆರಕ್ಕೆ ಸೌಂಡ್ ಚೆಕ್. ಬೇಸ್ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ದಪ್ಪ ತಂತಿಯ ಮೊದಲ ಫ್ರೆಟ್ ಒತ್ತಿ ಮೀಟಿದೆ. ಸ್ವರದ ಜೊತೆಗೇ ತಗಡು ಬಡಿದಂತೆ ‘ಟರ್ರ್’ ಎಂಬ ಸದ್ದು. ಎರಡನೆಯ ಫ್ರೆಟ್‌ನಲ್ಲೂ ಅದೇ, ಮೂರನೆಯದರಲ್ಲೂ ಅದೇ. ಐದನೆಯ ಫ್ರೆಟ್ ದಾಟಿದ ಮೇಲೆ ಸ್ವರ ತಿಳಿಯಾಯಿತು. ಹಿಂದಿನ ರಾತ್ರಿಯಷ್ಟೇ ತಂತಿ ಬದಲಿಸಿದ್ದೆ. ಬೆರಳಿಗೆ ಹಗುರವಾಗಲಿ ಎಂದು 50–105 ತೆಗೆದು 40–95ರ ಸೆಟ್ ಹಾಕಿದ್ದೆ, ಅಷ್ಟೇ. ಆ ರಾತ್ರಿ ಮೂರು ಗಂಟೆ ಕಾಲ ಕೆಳಗಿನ ಸ್ವರಗಳನ್ನೆಲ್ಲ ತಪ್ಪಿಸಿಕೊಂಡು ಮೇಲಿನ ಫ್ರೆಟ್‌ಗಳಲ್ಲೇ ನುಡಿಸಿದೆ. ಬೇಸ್ ಇರುವುದೇ ಆ ಕೆಳಗಿನ ಸ್ವರಗಳಿಗಾಗಿ. ಅವಿಲ್ಲದ ಹಾಡಿಗೆ ನೆಲವೇ ಇರುವುದಿಲ್ಲ.

ನೆಕ್ ಕೆಟ್ಟಿತು ಎಂದೇ ಮನೆಗೆ ಹೋದೆ. ಕೆಟ್ಟಿರಲಿಲ್ಲ. ಅದರ ಮೇಲಿದ್ದ ಭಾರವನ್ನು ನಾನು ಇಳಿಸಿದ್ದೆ, ಆ ಭಾರಕ್ಕೆ ಎದುರಾಗಿ ಒಳಗೆ ಬಿಗಿದುಕೊಂಡಿದ್ದ ಸರಳನ್ನು ಮಾತ್ರ ಹಾಗೇ ಬಿಟ್ಟಿದ್ದೆ. ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿ ಕಡೆಯ ಎಳೆಯ ಬೇಸ್ ವಾದಕರು ಇದೇ ತೊಂದರೆ ಹೇಳಿಕೊಂಡು ಬರುವುದನ್ನು ಈಗಲೂ ನೋಡುತ್ತೇನೆ. ಕೆಲವರು ಒಳ್ಳೆಯ ವಾದ್ಯವನ್ನು ಅರ್ಧ ಬೆಲೆಗೆ ಮಾರಲು ಹೊರಟಿರುತ್ತಾರೆ. ಅವರಿಗೆ ಬೇಕಾಗಿರುವುದು ಒಂದು ಅಲೆನ್ ಕೀ, ಒಂದು ವಿಸಿಟಿಂಗ್ ಕಾರ್ಡ್ ಮತ್ತು ಒಂದು ಸಂಜೆಯ ತಾಳ್ಮೆ.

ಮೂರು ಮೂಟೆ ಅಕ್ಕಿಯ ಎಳೆತ

ಪ್ಯಾಕೆಟ್ ಮೇಲಿರುವ 45, 65, 80, 100 ಎಂಬ ಸಂಖ್ಯೆಗಳು ತಂತಿಯ ದಪ್ಪವನ್ನು ಇಂಚಿನ ಸಾವಿರದ ಒಂದು ಭಾಗದಲ್ಲಿ ಹೇಳುತ್ತವೆ. 45 ಎಂದರೆ 0.045 ಇಂಚು, ಅಂದರೆ 1.14 ಮಿ.ಮೀ. 105 ಎಂದರೆ 2.67 ಮಿ.ಮೀ. ಇದನ್ನೇ ಗೇಜ್ ಎನ್ನುವುದು.

ಸಾಮಾನ್ಯ ಬೇಸ್‌ನಲ್ಲಿ ನಟ್‌ನಿಂದ ಬ್ರಿಡ್ಜ್‌ವರೆಗೆ ತಂತಿಯ ಉದ್ದ 34 ಇಂಚು. 45–100ರ ನಿಕಲ್ ರೌಂಡ್‌ವೂಂಡ್ ಸೆಟ್ಟನ್ನು ಅದಕ್ಕೆ ಹಾಕಿ ಇ, ಎ, ಡಿ, ಜಿ ಶ್ರುತಿಗೆ ತಂದರೆ ಜಿ ತಂತಿ ಸುಮಾರು 19 ಕಿಲೋ, ಡಿ 23, ಎ 19, ಇ 17 ಕಿಲೋ ಬಲದಿಂದ ಎಳೆಯುತ್ತವೆ. ಒಟ್ಟು 78 ಕಿಲೋ. ಅಂಗಡಿಯ 25 ಕಿಲೋ ಅಕ್ಕಿ ಮೂಟೆ ಮೂರನ್ನು ಆ ತೆಳ್ಳನೆಯ ಮರದ ಪಟ್ಟಿ ಹಗಲೂ ರಾತ್ರಿ ಹೊತ್ತುಕೊಂಡಿದೆ ಎಂದು ಲೆಕ್ಕ.

ಈಗ ಗೇಜ್ ಬದಲಿಸಿ ನೋಡಿ. 40–95ರ ಸೆಟ್ ಸುಮಾರು 68 ಕಿಲೋ ಎಳೆಯುತ್ತದೆ. 45–65–85–105 ಸುಮಾರು 84 ಕಿಲೋ. 50–105 ಸುಮಾರು 91 ಕಿಲೋ. ಕಂಪನಿಯಿಂದ ಕಂಪನಿಗೆ ಒಂದೆರಡು ಕಿಲೋ ಆಚೀಚೆ ಆಗುತ್ತದೆ. 50–105ರಿಂದ 40–95ಕ್ಕೆ ಬಂದ ರಾತ್ರಿ ನಾನು ನೆಕ್ ಮೇಲಿಂದ 23 ಕಿಲೋ ಇಳಿಸಿದ್ದೆ. ಹೆಚ್ಚು ಕಡಿಮೆ ಒಂದು ಮೂಟೆ ಅಕ್ಕಿ.

ಈ ಲೆಕ್ಕದಲ್ಲಿ ಇನ್ನೊಂದು ಸಂಗತಿ ಇದೆ. ಎಲ್ಲಕ್ಕಿಂತ ದಪ್ಪಗಿರುವ ಇ ತಂತಿಯೇ ಹೆಚ್ಚು ಎಳೆಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಮೇಲೆ ಹೇಳಿದ 45–100ರ ಸೆಟ್‌ನಲ್ಲಿ ಅದರ ಎಳೆತವೇ ಎಲ್ಲಕ್ಕಿಂತ ಕಡಿಮೆ, ಡಿ ತಂತಿಯದು ಎಲ್ಲಕ್ಕಿಂತ ಹೆಚ್ಚು. ನಾಲ್ಕೂ ತಂತಿ ಒಂದೇ ಬಿಗಿಯಲ್ಲಿ ಬೆರಳಿಗೆ ಸಿಗಬೇಕು ಎನ್ನುವವರಿಗಾಗಿ ‘ಬ್ಯಾಲೆನ್ಸ್‌ಡ್ ಟೆನ್ಷನ್’ ಸೆಟ್‌ಗಳು ಬರುತ್ತವೆ.

ಎಳೆತಕ್ಕೆ ಮೂರು ಕಾರಣ

ತಂತಿಯ ಎಳೆತ ಮೂರು ಸಂಗತಿಗಳಿಂದ ನಿರ್ಧಾರವಾಗುತ್ತದೆ: ತಂತಿಯ ತೂಕ, ಅದರ ಉದ್ದ, ಅದನ್ನು ಏರಿಸುವ ಶ್ರುತಿ. ತೂಕ ಎಷ್ಟು ಪಟ್ಟು ಹೆಚ್ಚಿದರೆ ಎಳೆತವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಉದ್ದ ಮತ್ತು ಶ್ರುತಿ ಮಾತ್ರ ವರ್ಗದ ಲೆಕ್ಕದಲ್ಲಿ ಕೆಲಸ ಮಾಡುತ್ತವೆ, ಹಾಗಾಗಿ ಅವು ಸ್ವಲ್ಪ ಬದಲಾದರೂ ಪರಿಣಾಮ ದೊಡ್ಡದು.

ಗಾಯಕರ ಅನುಕೂಲಕ್ಕೆ ಅರ್ಧ ಸ್ವರ ಕೆಳಗಿಳಿಸಿ ಶ್ರುತಿ ಮಾಡಿದರೆ ಎಳೆತ ಶೇ 11ರಷ್ಟು ತಗ್ಗುತ್ತದೆ. ಒಂದು ಪೂರ್ಣ ಸ್ವರ ಇಳಿಸಿದರೆ ಶೇ 20ರಷ್ಟು. ಗೇಜ್ ಬದಲಿಸದೆ ಇದೇ ಶ್ರುತಿಯಲ್ಲಿ ತಿಂಗಳುಗಟ್ಟಲೆ ನುಡಿಸಿದರೆ, ನೆಕ್ ಮಟ್ಟಿಗೆ ಅದು ತೆಳು ತಂತಿ ಹಾಕಿದಂತೆಯೇ. ಪೂರ್ಣ ಸ್ವರ ಇಳಿಸಿಯೂ ಹಳೆಯ ಬಿಗಿತವೇ ಬೇಕೆಂದರೆ ತಂತಿ ಶೇ 12ರಷ್ಟು ದಪ್ಪವಾಗಬೇಕು. 45 ಇದ್ದಲ್ಲಿ 50 ಹಾಕಬೇಕು. ಇ ತಂತಿಯೊಂದನ್ನೇ ಡಿಗೆ ಇಳಿಸಿಕೊಂಡು ಒಂದೆರಡು ಹಾಡು ನುಡಿಸುವುದಕ್ಕೆ ಇಷ್ಟು ಯೋಚನೆ ಬೇಡ. ಅಲ್ಲಿ ಕಡಿಮೆಯಾಗುವುದು ಮೂರೂವರೆ ಕಿಲೋ ಮಾತ್ರ.

ಉದ್ದದ ಕತೆಯೂ ಹೀಗೆಯೇ. 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್‌ನಲ್ಲಿ ಅದೇ ದಪ್ಪದ ತಂತಿ ಅದೇ ಶ್ರುತಿಯಲ್ಲಿ ಶೇ 22ರಷ್ಟು ಕಡಿಮೆ ಎಳೆಯುತ್ತದೆ. ಮಕ್ಕಳಿಗೂ ಚಿಕ್ಕ ಕೈಯವರಿಗೂ ಅದು ಹಗುರವೆನಿಸುವುದಕ್ಕೆ ಇದೂ ಒಂದು ಕಾರಣ. ಐದು ತಂತಿಯ ಬೇಸ್‌ನಲ್ಲಿ 130 ಗೇಜಿನ ಬಿ ತಂತಿ ಇನ್ನೊಂದು 16 ಕಿಲೋ ಸೇರಿಸುತ್ತದೆ. ಅದರ ನೆಕ್ ಅಗಲವಾಗಿದ್ದು, ಆ ಹೆಚ್ಚಿನ ಭಾರಕ್ಕೆ ತಕ್ಕಂತೆಯೇ ಕಟ್ಟಿರುತ್ತಾರೆ.

ಹಾಗಂತ ದಪ್ಪ ನೋಡಿದೊಡನೆ ಎಳೆತ ತಿಳಿದುಬಿಡುತ್ತದೆ ಎನ್ನುವಂತಿಲ್ಲ. ಒಳಗಿನ ಉಕ್ಕಿನ ಎಳೆ ಎಷ್ಟು ದಪ್ಪ, ಮೇಲೆ ಸುತ್ತಿದ ತಂತಿ ದುಂಡಗಿದೆಯೋ ಚಪ್ಪಟೆಯಾಗಿದೆಯೋ ಎಂಬುದರ ಮೇಲೆ ತೂಕ ಬದಲಾಗುತ್ತದೆ. ಒಂದೇ ಗೇಜಿನ ಫ್ಲಾಟ್‌ವೂಂಡ್ ತಂತಿ ಹಲವು ಬಾರಿ ರೌಂಡ್‌ವೂಂಡ್‌ಗಿಂತ ಹೆಚ್ಚು ಬಿಗಿಯಾಗಿರುತ್ತದೆ. ದೊಡ್ಡ ಕಂಪನಿಗಳು ಪ್ರತಿ ತಂತಿಯ ಎಳೆತವನ್ನು ಪ್ಯಾಕೆಟ್ ಹಿಂದೆಯೋ ತಮ್ಮ ಪಟ್ಟಿಯಲ್ಲೋ ಪೌಂಡ್ ಲೆಕ್ಕದಲ್ಲಿ ಕೊಡುತ್ತವೆ. ಒಂದು ಪೌಂಡ್ ಎಂದರೆ 0.45 ಕಿಲೋ. ಕೊಳ್ಳುವ ಮುನ್ನ ಹಳೆಯದರ ಜೊತೆ ಹೋಲಿಸಿ ನೋಡಿ.

ನೆಕ್ ಒಳಗಿನ ಸರಳು

ಹೋಲಿಕೆಗೆ ನಮ್ಮ ವೀಣೆಯನ್ನು ನೋಡಿ. ದಂಡಿಯ ಮೇಲೆ 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ. ಬಿಸಿಲಿಗೆ ಮೇಣ ಮೆತ್ತಗಾಗಿಯೋ ವರ್ಷಗಳು ಕಳೆದೋ ಮೆಟ್ಟಿಲು ಕದಲಿದರೆ, ವೀಣೆ ಮಾಡುವವರು ಮೇಣ ತೆಗೆದು ಹೊಸದಾಗಿ ಕೂರಿಸಿ ಸ್ವರಸ್ಥಾನ ಸರಿಪಡಿಸುತ್ತಾರೆ. ಗಿಟಾರ್‌ನ ಫ್ರೆಟ್‌ಗಳು ಮರದೊಳಗೆ ಕಚ್ಚಿ ಕೂತಿರುತ್ತವೆ, ಅವನ್ನು ಹಾಗೆ ಕದಲಿಸಲಾಗದು. ಇಲ್ಲಿ ಸರಿಪಡಿಸಬೇಕಾದದ್ದು ನೆಕ್‌ನ ಬಾಗು.

ಅದಕ್ಕಾಗಿ ನೆಕ್ ಒಳಗೆ ಉದ್ದಕ್ಕೂ ಒಂದು ಉಕ್ಕಿನ ಸರಳಿದೆ, ಅದೇ ಟ್ರಸ್ ರಾಡ್. ಗಿಬ್ಸನ್ ಕಂಪನಿಯ ತಡಿಯಸ್ ಮೆಕ್‌ಹ್ಯೂ ಅವರಿಗೆ ಇದರ ಪೇಟೆಂಟ್ ಸಿಕ್ಕಿದ್ದು 1923ರಲ್ಲಿ. ಲಿಯೊ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಹೊರತಂದಾಗ 34 ಇಂಚಿನ ಉದ್ದ ನೆಕ್ ಆ ಕಾಲದ ದಪ್ಪ ತಂತಿಗಳನ್ನು ತಾಳಿಕೊಂಡದ್ದು ಇಂಥ ಸರಳಿನ ಬಲದಿಂದಲೇ. ತಂತಿಗಳು ಹೆಡ್‌ಸ್ಟಾಕ್ ಅನ್ನು ಮುಂದಕ್ಕೆ, ಅಂದರೆ ತಂತಿಯ ಕಡೆಗೆ ಎಳೆಯುತ್ತವೆ. ಸರಳು ಅದನ್ನು ಹಿಂದಕ್ಕೆ ಹಿಡಿಯುತ್ತದೆ. ನೆಕ್‌ನ ಆಕಾರ ಈ ಎರಡು ಬಲಗಳ ನಡುವಿನ ರಾಜಿ.

ರಾಜಿಯಲ್ಲಿ ತಂತಿಯ ಕೈ ಮೇಲಾದರೆ ನೆಕ್ ಬಿಲ್ಲಿನಂತೆ ಮುಂದಕ್ಕೆ ಬಾಗಿ ನಡುವೆ ತಂತಿ ಎತ್ತರವಾಗುತ್ತದೆ. ಸರಳಿನ ಕೈ ಮೇಲಾದರೆ ನೆಕ್ ಹಿಂದಕ್ಕೆ ಬಾಗಿ ತಂತಿ ಮೊದಲ ಫ್ರೆಟ್‌ಗಳಿಗೆ ತಾಗುತ್ತದೆ. ನನಗೆ ಆದದ್ದು ಈ ಎರಡನೆಯದು. 91 ಕಿಲೋಗೆ ಬಿಗಿಸಿದ್ದ ಸರಳಿಗೆ 68 ಕಿಲೋ ಮಾತ್ರ ಎದುರು ನಿಂತಿತ್ತು.

ನೆಕ್ ಗೆರೆ ಎಳೆದಂತೆ ನೇರವಾಗಿರಬೇಕು ಎಂಬುದೂ ತಪ್ಪು ತಿಳಿವಳಿಕೆ. ಮೀಟಿದ ತಂತಿ ನಡುವೆ ಅಗಲವಾಗಿ ತೂಗುತ್ತದೆ, ತುದಿಗಳಲ್ಲಿ ಕಿರಿದಾಗಿ ತೂಗುತ್ತದೆ. ಆ ತೂಗಾಟಕ್ಕೆ ಜಾಗ ಬಿಡಲು ನೆಕ್‌ಗೆ ಕೂದಲೆಳೆಯಷ್ಟು ಮುಂಬಾಗು ಬೇಕು. ಅದನ್ನು ರಿಲೀಫ್ ಎನ್ನುತ್ತಾರೆ. ತೆಳು ತಂತಿಯ ಪೇಚು ಇಲ್ಲಿದೆ. ಎಳೆತ ಕಡಿಮೆಯಾದ್ದರಿಂದ ಅದು ನೆಕ್ ಅನ್ನು ನೇರವಾಗಲು ಬಿಡುತ್ತದೆ, ರಿಲೀಫ್ ಕಡಿಮೆಯಾಗುತ್ತದೆ. ಸಡಿಲವಾಗಿರುವುದರಿಂದ ಅದೇ ತಂತಿ ಹೆಚ್ಚು ಅಗಲಕ್ಕೆ ತೂಗಿ ಹೆಚ್ಚು ಜಾಗ ಕೇಳುತ್ತದೆ. ಎರಡೂ ಕೂಡಿ ಫ್ರೆಟ್‌ಗೆ ಬಡಿಯುತ್ತದೆ. ದಪ್ಪ ತಂತಿ ಇದಕ್ಕೆ ವಿರುದ್ಧ. ಅದು ಬಿಗಿಯಾಗಿ ಕಿರಿದಾಗಿ ತೂಗುತ್ತದೆ, ಆದರೆ ನೆಕ್ ಅನ್ನು ಬಾಗಿಸಿ ಬೆರಳಿಗೆ ಎತ್ತರವಾಗುತ್ತದೆ.

ಮೊದಲು ಅಳತೆ, ಆಮೇಲೆ ಕೈ

ಅಲೆನ್ ಕೀ ಹಿಡಿಯುವ ಮುನ್ನ ಅಳೆಯಿರಿ. ಹಳೆಯ ತಂತಿ ತೆಗೆಯುವ ಮುನ್ನ ಒಮ್ಮೆ, ಹೊಸ ತಂತಿ ಹಾಕಿ ಒಂದು ರಾತ್ರಿ ಬಿಟ್ಟ ಮೇಲೆ ಇನ್ನೊಮ್ಮೆ.

1. ನೀವು ನುಡಿಸುವ ಶ್ರುತಿಗೇ ತಂತಿ ಏರಿಸಿ. ಬೇಸ್ ಅನ್ನು ನೆಲದ ಮೇಲೆ ಮಲಗಿಸಬೇಡಿ, ನುಡಿಸುವ ಭಂಗಿಯಲ್ಲೇ ತೊಡೆಯ ಮೇಲಿರಲಿ.

2. ಮೊದಲ ಫ್ರೆಟ್‌ಗೆ ಕ್ಯಾಪೊ ಹಾಕಿ. ಕ್ಯಾಪೊ ಇಲ್ಲದಿದ್ದರೆ ಎಡಗೈ ಬೆರಳಲ್ಲಿ ಇ ತಂತಿಯನ್ನು ಒತ್ತಿಹಿಡಿಯಿರಿ. ಬಲಗೈಯಲ್ಲಿ ಅದೇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ. ಈಗ ತಂತಿಯೇ ನಿಮ್ಮ ನೇರ ಪಟ್ಟಿ.

3. ಎಂಟನೆಯ ಫ್ರೆಟ್‌ನ ನೆತ್ತಿಗೂ ತಂತಿಯ ತಳಕ್ಕೂ ನಡುವಿನ ಸಂದು ನೋಡಿ. ಅದು 0.25ರಿಂದ 0.35 ಮಿ.ಮೀ. ಇದ್ದರೆ ಹೆಚ್ಚಿನವರ ಕೈಗೆ ಸರಿ. ಗಟ್ಟಿಯಾಗಿ ಮೀಟುವವರಿಗೆ 0.4ರವರೆಗೂ ಬೇಕಾಗಬಹುದು.

ಇದನ್ನು ಅಳೆಯುವ ಸಾಧನ ನಮ್ಮ ಕಡೆ ಕೈಗೆಟಕುವಲ್ಲೇ ಇದೆ. ಬೈಕ್ ಗ್ಯಾರೇಜಿನಲ್ಲಿ ಟ್ಯಾಪೆಟ್ ಸೆಟ್ ಮಾಡಲು ಬಳಸುವ ಫೀಲರ್ ಗೇಜ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ರಾಜಾಜಿನಗರ ಕೈಗಾರಿಕಾ ಪ್ರದೇಶದ ವರ್ಕ್‌ಶಾಪ್‌ಗಳಲ್ಲಿ ಕೆಲಸ ಮಾಡುವವರು ಮನೆಯಲ್ಲಿದ್ದರೆ ಅವರ ಪೆಟ್ಟಿಗೆಯಲ್ಲಿ ಖಂಡಿತ ಒಂದಿರುತ್ತದೆ. 0.30ರ ಎಲೆಯನ್ನು ಸಂದಿಗೆ ತೂರಿಸಿ. ತಂತಿ ಅಲುಗದೆ ಎಲೆ ನಯವಾಗಿ ಜಾರಿದರೆ ಅಳತೆ ಸರಿ. ಫೀಲರ್ ಇಲ್ಲವೆಂದರೆ ದಪ್ಪ ಕಾಗದದ ವಿಸಿಟಿಂಗ್ ಕಾರ್ಡ್ ಸಾಕು, ಅದರ ದಪ್ಪ ಸುಮಾರು 0.3 ಮಿ.ಮೀ. ಇರುತ್ತದೆ.

ಎಲೆ ಹೋಗಲು ಜಾಗವೇ ಇಲ್ಲ, ತಂತಿ ಫ್ರೆಟ್ ಮೇಲೆ ಕೂತಿದೆ ಎಂದಾದರೆ ನೆಕ್ ತೀರಾ ನೇರವಾಗಿದೆ ಅಥವಾ ಹಿಂಬಾಗಿದೆ. ಎರಡು ಮೂರು ಕಾರ್ಡ್ ಒಟ್ಟಿಗೆ ತೂರುವಷ್ಟು ಸಂದಿದ್ದರೆ ಮುಂಬಾಗು ಅತಿಯಾಗಿದೆ.

ಎಂಟನೆಯ ಒಂದು ಸುತ್ತು

ಸರಳಿನ ತಿರುಪು ಕೆಲವು ಬೇಸ್‌ಗಳಲ್ಲಿ ಹೆಡ್‌ಸ್ಟಾಕ್ ಕಡೆ ಸಣ್ಣ ಮುಚ್ಚಳದ ಕೆಳಗಿರುತ್ತದೆ, ಕೆಲವಲ್ಲಿ ನೆಕ್ ದೇಹಕ್ಕೆ ಸೇರುವ ಕಡೆ. ಹಳೆಯ ಮಾದರಿಗಳಲ್ಲಿ ನೆಕ್ ಬಿಚ್ಚಿದರೆ ಮಾತ್ರ ಕಾಣುತ್ತದೆ.

ಮೊದಲ ಎಚ್ಚರಿಕೆ ಅಲೆನ್ ಕೀ ಅಳತೆಯದು. ಕೆಲವು ತಯಾರಕರು 4 ಅಥವಾ 5 ಮಿ.ಮೀ. ಬಳಸಿದರೆ, ಅಮೆರಿಕದ ಹಲವು ಬೇಸ್‌ಗಳಲ್ಲಿ 3/16 ಇಂಚು, ಅಂದರೆ 4.76 ಮಿ.ಮೀ. ಇರುತ್ತದೆ. ಹೆಚ್ಚು ಕಡಿಮೆ ಹೊಂದುವ ಕೀ ಹಾಕಿ ತಿರುಗಿಸಿದರೆ ತಿರುಪಿನ ಮೂಲೆಗಳು ಸವೆದು ಕೀ ಜಾರತೊಡಗುತ್ತದೆ. ಆಮೇಲೆ ಅದನ್ನು ಹೊರತೆಗೆಯುವುದೇ ದೊಡ್ಡ ರಿಪೇರಿ. ವಾದ್ಯದ ಜೊತೆ ಬಂದ ಕೀ ಕಳೆದಿದ್ದರೆ ನಿಮ್ಮ ಮಾಡೆಲ್‌ನ ಅಳತೆ ತಿಳಿದುಕೊಂಡು ಹೊಸದನ್ನೇ ತನ್ನಿ. ಕೀ ತಳ ಮುಟ್ಟುವಂತೆ ಕೂತು, ಅಲ್ಲಾಡದಂತಿರಬೇಕು.

ಎರಡನೆಯದು ದಿಕ್ಕು. ತಿರುಪಿನ ಮುಖಕ್ಕೆ ಎದುರಾಗಿ ನಿಂತು ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗಿಸಿದರೆ ಸರಳು ಬಿಗಿಯಾಗಿ ನೆಕ್ ಹಿಂದಕ್ಕೆ ಬರುತ್ತದೆ, ರಿಲೀಫ್ ಕಡಿಮೆಯಾಗುತ್ತದೆ. ಎಡಕ್ಕೆ ತಿರುಗಿಸಿದರೆ ಸರಳು ಸಡಿಲಾಗಿ, ತಂತಿಯ ಎಳೆತಕ್ಕೆ ನೆಕ್ ಮುಂದಕ್ಕೆ ಬಾಗುತ್ತದೆ. ದಪ್ಪ ಸೆಟ್ ಹಾಕಿದ ಮೇಲೆ ಸಾಮಾನ್ಯವಾಗಿ ಬಲಕ್ಕೆ, ತೆಳು ಸೆಟ್ ಹಾಕಿದ ಮೇಲೆ ಎಡಕ್ಕೆ. ಆದರೂ ಅಳತೆ ಹೇಳಿದ ಮೇಲೆಯೇ ತಿರುಗಿಸಿ, ಊಹೆಯ ಮೇಲಲ್ಲ.

ಮೂರನೆಯದು ಪ್ರಮಾಣ. ಒಂದು ಸಲಕ್ಕೆ ಸುತ್ತಿನ ಎಂಟನೆಯ ಒಂದು ಭಾಗ ಸಾಕು. ಬಿಗಿ ಮಾಡುವುದಾದರೆ ಮೊದಲು ತಂತಿಗಳನ್ನು ಒಂದೆರಡು ಸ್ವರ ಇಳಿಸಿ, ತಿರುಪಿನ ಮೇಲಿನ ಹೊರೆ ಕಡಿಮೆಯಾಗುತ್ತದೆ. ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಹತ್ತು ನಿಮಿಷ ಬಿಟ್ಟು ಅಳೆಯಿರಿ. ಮರ ಕೂಡಲೇ ಪೂರ್ತಿ ಒಪ್ಪಿಕೊಳ್ಳುವುದಿಲ್ಲ, ಮಾರನೆಯ ದಿನ ಇನ್ನೊಂಚೂರು ಸರಿಯುತ್ತದೆ. ಒಟ್ಟು ಅರ್ಧ ಸುತ್ತು ದಾಟುವ ಹೊತ್ತಿಗೆ ನಿಲ್ಲಿಸಿ, ಒಂದು ರಾತ್ರಿ ಕೊಟ್ಟು ಮತ್ತೆ ನೋಡಿ.

ತಿರುಪು ಗಟ್ಟಿಯಾಗಿ ನಿಂತರೆ, ಮರದಿಂದ ಕಿರ್ ಎನ್ನುವ ಸದ್ದು ಬಂದರೆ, ಎಷ್ಟು ತಿರುಗಿಸಿದರೂ ಸಡಿಲವಾಗಿಯೇ ಇದ್ದರೆ ಅಲ್ಲಿಗೆ ಕೈ ತೆಗೆಯಿರಿ. ಆಮೇಲಿನದು ಗಿಟಾರ್ ರಿಪೇರಿ ಬಲ್ಲವರ ಕೆಲಸ. ಬಲವಂತ ಮಾಡಿ ಸರಳು ಮುರಿದರೆ ನೆಕ್‌ನ ಬೆಲೆಯೇ ಹೋಗುತ್ತದೆ.

ಸದ್ದು ಬರುವ ಜಾಗವೇ ಸುಳಿವು

ಕಿವಿ ಕೊಟ್ಟು ಕೇಳಿದರೆ ತೊಂದರೆ ಎಲ್ಲಿದೆ ಎಂದು ಬೇಸ್ ತಾನೇ ಹೇಳುತ್ತದೆ. ಮೊದಲ ಐದು ಫ್ರೆಟ್‌ಗಳಲ್ಲಿ ಮಾತ್ರ ಝರ್ ಎಂದರೆ ನೆಕ್ ನೇರವಾಗಿದೆ ಅಥವಾ ಹಿಂಬಾಗಿದೆ. ಏಳರಿಂದ ಹತ್ತರವರೆಗೆ ತಂತಿ ಎತ್ತರವಾಗಿದ್ದು, ಹನ್ನೆರಡು ದಾಟಿದ ಮೇಲೆ ಸದ್ದು ಬಂದರೆ ಮುಂಬಾಗು ಅತಿಯಾಗಿದೆ. ನೆಕ್ ಉದ್ದಕ್ಕೂ ಒಂದೇ ಸಮ ಬಡಿದರೆ ಬ್ರಿಡ್ಜ್‌ನ ಸ್ಯಾಡಲ್‌ಗಳು ತಗ್ಗಿವೆ. ಒಂದೇ ಒಂದು ಸ್ವರ ಕೆಟ್ಟರೆ ಅದರ ಮುಂದಿನ ಫ್ರೆಟ್ ಮೇಲೆದ್ದಿರಬಹುದು. ತಂತಿಯನ್ನು ಎಲ್ಲೂ ಒತ್ತದೆ ಮೀಟಿದಾಗ ಮಾತ್ರ ಸದ್ದು ಬಂದರೆ ನಟ್‌ನಲ್ಲಿ ತಂತಿ ಕೂರುವ ಗಾಡಿ ಆಳವಾಗಿದೆ.

ತಂತಿ ಎತ್ತರವಾಯಿತೆಂದು ಟ್ರಸ್ ರಾಡ್ ತಿರುಗಿಸುವುದು ಬಹಳ ಜನ ಮಾಡುವ ತಪ್ಪು. ಸರಳು ಇರುವುದು ಬಾಗು ಸರಿಪಡಿಸಲು, ಎತ್ತರಕ್ಕೆ ಸ್ಯಾಡಲ್ ಇದೆ. ಕೆಲಸದ ಕ್ರಮ ಹೀಗಿರಲಿ: ತಂತಿ, ಶ್ರುತಿ, ರಿಲೀಫ್, ಎತ್ತರ, ಇಂಟೊನೇಷನ್. ರಿಲೀಫ್ ಸರಿಯಾದ ಮೇಲೆ ಹದಿನೇಳನೆಯ ಫ್ರೆಟ್‌ನಲ್ಲಿ ಇ ತಂತಿಯ ಎತ್ತರ ಸುಮಾರು 2.4 ಮಿ.ಮೀ., ಜಿ ತಂತಿಯದು 2 ಮಿ.ಮೀ. ಇದ್ದರೆ ಒಳ್ಳೆಯ ಆರಂಭ. ಕೊನೆಗೆ ಹನ್ನೆರಡನೆಯ ಫ್ರೆಟ್‌ನ ಹಾರ್ಮೊನಿಕ್ ಸ್ವರವನ್ನೂ ಅಲ್ಲೇ ಒತ್ತಿದ ಸ್ವರವನ್ನೂ ಟ್ಯೂನರ್‌ನಲ್ಲಿ ಹೋಲಿಸಿ. ಒತ್ತಿದ್ದು ಮೇಲೆ ಹೋದರೆ ಸ್ಯಾಡಲ್ ಹಿಂದಕ್ಕೆ, ಕೆಳಗಿಳಿದರೆ ಮುಂದಕ್ಕೆ. ಗೇಜ್ ಬದಲಿಸಿದಾಗಲೆಲ್ಲ ಇದು ಕದಲುತ್ತದೆ.

ನಟ್ ವಿಷಯದಲ್ಲಿ ಅವಸರ ಬೇಡ. 100ಕ್ಕೆ ಕೊರೆದ ಗಾಡಿಯಲ್ಲಿ 105 ಅಥವಾ 110 ಪೂರ್ತಿ ಕೂರದೆ ಮೇಲೆ ನಿಲ್ಲಬಹುದು. ಆಗ ಮೊದಲ ಫ್ರೆಟ್ ಒತ್ತಲು ಕಷ್ಟವಾಗುತ್ತದೆ, ಎಫ್ ಸ್ವರ ಶ್ರುತಿಗಿಂತ ಮೇಲೆ ಹೋಗುತ್ತದೆ. ಗಾಡಿಯನ್ನು ಅರದಿಂದ ಉಜ್ಜಿ ಅಗಲಿಸುವುದು ಸುಲಭ, ಮತ್ತೆ ಕಿರಿದು ಮಾಡುವುದು ಕಷ್ಟ. ದಪ್ಪ ತಂತಿಯನ್ನೇ ಖಾಯಂ ಮಾಡುತ್ತೇನೆಂದು ಖಚಿತವಾದ ಮೇಲೆ ಅನುಭವಿಗಳ ಕೈಯಲ್ಲಿ ಮಾಡಿಸಿ.

ಯಾರಿಗೆ ಯಾವ ಗೇಜ್?

ಗಣೇಶನ ಹಬ್ಬದಿಂದ ನವೆಂಬರ್ ರಾಜ್ಯೋತ್ಸವದವರೆಗೆ ಪಶ್ಚಿಮ ಬೆಂಗಳೂರಿನ ರಸ್ತೆ ರಸ್ತೆಯಲ್ಲಿ ಆರ್ಕೆಸ್ಟ್ರಾ ನಡೆಯುತ್ತದೆ. ಇಳಯರಾಜ ಸಂಗೀತ ನೀಡಿದ ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಹಾಡುಗಳನ್ನು ಜನ ಇವತ್ತಿಗೂ ಕೇಳಿ ಹಾಡಿಸುತ್ತಾರೆ. ಆ ಹಾಡುಗಳಲ್ಲಿ ಬೇಸ್ ತಾಳದ ಹಿಂದೆ ಅಡಗಿ ಕೂರುವುದಿಲ್ಲ, ಹಾಡುವವರ ಜೊತೆ ತಾನೂ ಒಂದು ರಾಗವಾಗಿ ನೆಕ್ ಉದ್ದಕ್ಕೂ ಓಡಾಡುತ್ತದೆ. ಇಂಥದ್ದನ್ನು ಮೂರು ನಾಲ್ಕು ಗಂಟೆ ನುಡಿಸುವವರಿಗೆ 45–100 ಅಥವಾ 45–105 ಹದವಾದ ಆಯ್ಕೆ. ಹೆಚ್ಚಿನ ಹೊಸ ಬೇಸ್‌ಗಳ ನೆಕ್ ಅನ್ನು ಕಾರ್ಖಾನೆಯಲ್ಲಿ ಈ ಆಸುಪಾಸಿನ ತಂತಿಗೇ ಹೊಂದಿಸಿರುತ್ತಾರೆ, ಹಾಗಾಗಿ ಸರಳಿಗೆ ಕೈ ಹಚ್ಚುವ ಅಗತ್ಯವೂ ಕಡಿಮೆ.

ಹೊಸದಾಗಿ ಕಲಿಯುವವರಿಗೂ ಸ್ಲ್ಯಾಪ್ ಶೈಲಿಯವರಿಗೂ 40–95 ಅಥವಾ 40–100 ಹಗುರ. ರಿಲೀಫ್ ತುಸು ಹೆಚ್ಚಿಟ್ಟುಕೊಂಡು ಮೆಲ್ಲಗೆ ಮೀಟುವ ಅಭ್ಯಾಸ ಮಾಡಿದರೆ ಇವು ಚೆನ್ನಾಗಿ ಮಾತಾಡುತ್ತವೆ. ಹಳೆಯ ಕಾಲದ ದುಂಡನೆಯ, ತುಂಬಿದ ನಾದ ಬೇಕೆಂದರೆ ಫ್ಲಾಟ್‌ವೂಂಡ್. ಮೋಟೌನ್‌ನ ಜೇಮ್ಸ್ ಜೇಮರ್ಸನ್ ದಪ್ಪ ಫ್ಲಾಟ್‌ವೂಂಡ್ ತಂತಿಗೆ ಹೆಸರಾದವರು. 1960ರ ದಶಕದಲ್ಲಿ ‘ದಿ ಹೂ’ ತಂಡದ ಜಾನ್ ಎಂಟ್‌ವಿಸಲ್ ರೊಟೊಸೌಂಡ್ ಕಂಪನಿಯ ಜೊತೆ ಕೂತು ರೌಂಡ್‌ವೂಂಡ್ ತಂತಿಯನ್ನು ಬೇಸ್‌ಗೆ ಹದಗೊಳಿಸಿದ ಮೇಲೆ ಪಿಯಾನೊದಂಥ ಹೊಳಪಿನ ನಾದ ಜನಪ್ರಿಯವಾಯಿತು. ಪೂರ್ಣ ಸ್ವರ ಇಳಿಸಿ ನುಡಿಸುವ ಮೆಟಲ್ ತಂಡದವರಿಗೆ 50–110ರ ಸುತ್ತಮುತ್ತಲಿನ ಸೆಟ್ ಬೇಕು, ಇಲ್ಲವಾದರೆ ಇ ತಂತಿ ಹಗ್ಗದಂತೆ ಜೋಲುತ್ತದೆ.

ದಪ್ಪ ತಂತಿ ನೆಕ್ ಮುರಿಯುತ್ತದೆ ಎಂಬ ಭಯ ಬೇಡ. ಸರಳು ಕೆಲಸ ಮಾಡುತ್ತಿರುವ ಬೇಸ್ 50–105 ತಾಳಿಕೊಳ್ಳುತ್ತದೆ. ನಿಜವಾದ ಹಾನಿ ಬರುವುದು ಅಲಕ್ಷ್ಯದಿಂದ. ಅತಿಯಾಗಿ ಬಾಗಿದ ನೆಕ್ ಅನ್ನು ವರ್ಷಗಟ್ಟಲೆ ಹಾಗೇ ಬಿಟ್ಟರೆ ಮರ ಆ ಬಾಗನ್ನೇ ತನ್ನ ಆಕಾರ ಮಾಡಿಕೊಳ್ಳುತ್ತದೆ. ಹಾಗೆಯೇ ಎಲ್ಲ ತಂತಿ ಬಿಚ್ಚಿ ವಾದ್ಯವನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಡಬೇಡಿ, ಎದುರಾಳಿಯಿಲ್ಲದ ಸರಳು ನೆಕ್ ಅನ್ನು ಹಿಂದಕ್ಕೆ ಬಾಗಿಸುತ್ತದೆ. ತಂತಿ ಬದಲಿಸಲು, ಒರೆಸಲು ಒಂದೆರಡು ಗಂಟೆ ಬಿಚ್ಚಿಟ್ಟರೆ ಏನೂ ಆಗದು. ಸರಳು ಕೆಲಸ ಮಾಡದ ಹಳೆಯ ಬೇಸ್ ಮನೆಯಲ್ಲಿದ್ದರೆ ಹಗುರವಾದ ಸೆಟ್ ಹಾಕಿ ಅದಕ್ಕೆ ವಿಶ್ರಾಂತಿ ಕೊಡಿ.

ನಮ್ಮೂರಿನ ಹವೆ, ನೆಕ್‌ನ ಮರ

ಬೇಸ್ ನೆಕ್ ಹೆಚ್ಚಾಗಿ ಮೇಪಲ್ ಮರದ್ದು. ಅದರ ಮೇಲೆ ಅಂಟಿಸಿದ ಫ್ರೆಟ್ ಹಲಗೆ ಹಲವು ಬಾರಿ ಬೀಟೆ, ನಮ್ಮ ಮಲೆನಾಡು, ಕೊಡಗಿನ ಕಾಡುಗಳಲ್ಲಿ ಬೆಳೆಯುವ ಮರ. 2017ರ ಜನವರಿಯಿಂದ, ಅಳಿವಿನ ಭೀತಿಯ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ ಬೀಟೆಯ ಅಂತಾರಾಷ್ಟ್ರೀಯ ಸಾಗಾಟಕ್ಕೆ ಪರವಾನಗಿ ಬೇಕಾದಾಗ ಹಲವು ತಯಾರಕರು ಬೇರೆ ಮರಗಳ ಕಡೆ ತಿರುಗಿದರು. 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ. ಕಡಿಮೆ ಬೆಲೆಯ ಬೇಸ್‌ಗಳಲ್ಲಿ ‘ಇಂಡಿಯನ್ ಲಾರೆಲ್’ ಎಂದು ಬರೆದಿರುವ ಹಲಗೆ ನಮ್ಮ ಮತ್ತಿ ಮರವೇ. ಹೊರದೇಶದಲ್ಲಿ ತಯಾರಾಗಿ ಬರುವ ವಾದ್ಯದಲ್ಲೂ ನಮ್ಮ ಬೆರಳು ತಾಗುವುದು ಊರಿನ ಮರಕ್ಕೆ ಎಂದು ನೆನೆದರೆ ನನಗೆ ಅದರ ಮೇಲೆ ಅಕ್ಕರೆ ಹೆಚ್ಚುತ್ತದೆ.

ಯಾವ ಮರವೇ ಆಗಲಿ, ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಬೆಂಗಳೂರಿನಲ್ಲಿ ಮಾರ್ಚ್ ತಿಂಗಳ ಮಧ್ಯಾಹ್ನ ಗಾಳಿಯ ತೇವಾಂಶ ಶೇ 30ರ ಆಸುಪಾಸಿಗೆ ಇಳಿಯುತ್ತದೆ. ಆಗಸ್ಟ್ ತಿಂಗಳ ಬೆಳಿಗ್ಗೆ ಶೇ 80 ದಾಟುತ್ತದೆ. ತಂತಿಯನ್ನು ಮುಟ್ಟದಿದ್ದರೂ ಈ ಎರಡು ಕಾಲಗಳ ನಡುವೆ ರಿಲೀಫ್ ಬದಲಾಗುತ್ತದೆ. ಯಾವ ದಿಕ್ಕಿಗೆ ಎಂಬುದು ಆಯಾ ಮರದ ಗುಣ, ಒಂದು ವರ್ಷ ಅಳೆದರೆ ನಿಮ್ಮ ನೆಕ್‌ನ ಗುಣ ನಿಮಗೆ ತಿಳಿಯುತ್ತದೆ. ಶಿವರಾತ್ರಿಯ ಹೊತ್ತಿಗೆ ಒಮ್ಮೆ, ಮಳೆ ಹಿಡಿದ ಮೇಲೆ ಗಣೇಶನ ಹಬ್ಬಕ್ಕೆ ಮುನ್ನ ಒಮ್ಮೆ, ದೀಪಾವಳಿಯ ನಂತರ ಒಮ್ಮೆ ಅಳತೆ ನೋಡುವುದು ನನ್ನ ರೂಢಿ.

ಇಡುವ ಜಾಗವೂ ಮುಖ್ಯ. ಮಳೆಗಾಲದಲ್ಲಿ ತೇವ ಹಿಡಿಯುವ ಹೊರಗೋಡೆಗೆ ಒರಗಿಸಬೇಡಿ. ಸಂಜೆ ಬಿಸಿಲು ನೇರವಾಗಿ ಬೀಳುವ ಪಶ್ಚಿಮದ ಕಿಟಕಿ, ಶೀಟ್ ಮನೆಯ ಮಾಡಿನ ಕೆಳಗಿನ ಅಟ್ಟ, ನಿಲ್ಲಿಸಿದ ಕಾರಿನ ಡಿಕ್ಕಿ ಇವೂ ಬೇಡ. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟರೆ ಮಳೆಗಾಲ ನಿಭಾಯಿಸಬಹುದು. ಒಣ ಕಾಲದಲ್ಲಿ ಅದನ್ನು ತೆಗೆದುಬಿಡಿ. ಬೀಟೆ, ಮತ್ತಿ ಹಲಗೆಗೆ ವರ್ಷಕ್ಕೊಮ್ಮೆ ಎರಡು ಹನಿ ಲೆಮನ್ ಆಯಿಲ್ ಸವರಿ ಒರೆಸಿ, ಮೆರುಗು ಹಾಕಿದ ಮೇಪಲ್ ಹಲಗೆಗೆ ಅದು ಬೇಡ. ಕೆಂಗೇರಿಯಿಂದ ಮೆಟ್ರೊದಲ್ಲಿ ಬೇಸ್ ತರುವವರು ತಂಪಾದ ಬೋಗಿಯಿಂದಿಳಿದು ಪೆಂಡಾಲಿನ ದೀಪಗಳ ಬಿಸಿಗೆ ಬಂದ ಕೂಡಲೇ ಶ್ರುತಿ ಮಾಡಬೇಡಿ. ಬ್ಯಾಗಿನಿಂದ ತೆಗೆದು ಹದಿನೈದು ನಿಮಿಷ ಬಿಡಿ. ಬಿಸಿಗೆ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ. ಅದು ಇಳಿದು ನಿಂತ ಮೇಲೆ ಏರಿಸಿ.

ನೋಟ್‌ಬುಕ್‌ನ ಒಂದು ಪುಟ

ಆ ಗಣೇಶೋತ್ಸವದ ಮಾರನೆಯ ದಿನ ನನ್ನ ಬೇಸ್‌ನ ಎಂಟನೆಯ ಫ್ರೆಟ್‌ನಲ್ಲಿ ಕಾರ್ಡ್ ತೂರಲೇ ಇಲ್ಲ. ಎಂಟನೆಯ ಒಂದು ಸುತ್ತು ಎಡಕ್ಕೆ, ಶ್ರುತಿ, ಹತ್ತು ನಿಮಿಷ. ಮತ್ತೊಂದು ಸಲ, ಮಗದೊಂದು ಸಲ. ಮೂರನೆಯ ಸಲಕ್ಕೆ ಕಾರ್ಡಿನ ಅಂಚು ತಂತಿಯ ಕೆಳಗೆ ನುಸುಳಿತು. ಮಾರನೆಯ ಬೆಳಿಗ್ಗೆ ಸಲೀಸಾಗಿ ಜಾರಿತು. ಇ ತಂತಿಯ ಮೊದಲ ಫ್ರೆಟ್ ಒತ್ತಿ ಮೀಟಿದೆ. ಎಫ್ ಸ್ವರ ದುಂಡಗೆ, ಸ್ವಚ್ಛವಾಗಿ ಬಂದು ಮರದ ಮೂಲಕ ಎದೆಗೆ ತಾಗಿತು.

ಅಂದು ಬ್ಯಾಗಿನ ಜೇಬಿಗೆ ಒಂದು ಸಣ್ಣ ನೋಟ್‌ಬುಕ್ ಹಾಕಿದೆ, ಇವತ್ತಿಗೂ ಅಲ್ಲಿದೆ. ತಂತಿ ಬದಲಿಸಿದ ದಿನ, ಗೇಜ್, ಎಂಟನೆಯ ಫ್ರೆಟ್‌ನ ಸಂದು, ಸರಳನ್ನು ಯಾವ ಕಡೆಗೆ ಎಷ್ಟು ತಿರುಗಿಸಿದೆ ಎಂಬುದು, ಹೀಗೆ ಒಂದೊಂದು ಸಲಕ್ಕೆ ಒಂದೊಂದು ಸಾಲು. ಹೊಸ ಗೇಜ್ ಹಿಡಿಸದೆ ಹಳೆಯದಕ್ಕೆ ಮರಳಬೇಕಾದಾಗ ಆ ಸಾಲು ನೋಡಿ ತಿರುಪನ್ನು ಅಷ್ಟೇ ಹಿಂದಕ್ಕೆ ತಂದರೆ ಬೇಸ್ ಮೊದಲಿನ ಹದಕ್ಕೆ ಬರುತ್ತದೆ.

ಈ ವಾರ ಹೊಸ ಸೆಟ್ ಕೊಳ್ಳಲು ಹೊರಟಿದ್ದೀರಾ? ಈಗಿರುವ ತಂತಿಯ ಗೇಜ್ ಬರೆದುಕೊಳ್ಳಿ, ಎಂಟನೆಯ ಫ್ರೆಟ್‌ನ ಸಂದು ಅಳೆದಿಟ್ಟುಕೊಳ್ಳಿ. ಕಾರ್ಯಕ್ರಮಕ್ಕೆ ಕನಿಷ್ಠ ಮೂರು ದಿನ ಇರುವಾಗ ತಂತಿ ಹಾಕಿ. ಮರಕ್ಕೆ ಹೊಸ ಭಾರ ಒಗ್ಗಲು ಎರಡು ರಾತ್ರಿ ಬೇಕು, ನಿಮಗೆ ಅಳೆದು ನೋಡಲು ಒಂದು ಸಂಜೆ.